‘ವ್ಯಾಪ್ತಿ’, ‘ಹರವು’, ‘ಹಬ್ಬುಗೆ’ : ಒಂದು ಶಬ್ದವಿಚಾರ

ಒಂದು ವಸ್ತು ಎಷ್ಟು ದೂರ, ಎಷ್ಟು ಮಂದಿಯಲ್ಲಿ ಹರಡಿಕೊಂಡಿದೆ ಎಂಬ ಅರ್ಥದಲ್ಲಿ ‘ವ್ಯಾಪ್ತಿ’ ಶಬ್ದವು ಈಗಿನ ಗದ್ಯದಲ್ಲಿ ಧಾರಾಳವಾಗಿ ಪ್ರಯುಕ್ತವಾಗುತ್ತಿದೆ. ರೋಗಕ್ಕೂ ವ್ಯಾಪ್ತಿ, ರೂಢಿಗೂ ವ್ಯಾಪ್ತಿ. ಕಚೇರಿಯ ಬರವಣಿಗೆಯಲ್ಲಂತೂ ಠಾಣೆಯ ಅಧಿಕಾರದ ಎಲ್ಲೆಯೂ ವ್ಯಾಪ್ತಿಯೇ. ಈ ಪ್ರಯೋಗವು ಎಷ್ಟರಮಟ್ಟಿಗೆ ಸಾಧುವೆಂಬುದು ವಿಚಾರಣೀಯವಾಗಿದೆ.

‘ವಿ’ ಉಪಸರ್ಗಪೂರ್ವಕವಾದ ‘ಆಪ್’ ಧಾತುವಿಗೆ ಕ್ತಿನ್ ಪ್ರತ್ಯಯವು ಸೇರಿ ಈ ರೂಪವು ಸಿದ್ಧಿಸುತ್ತದೆ. ಪ್ರಾಪ್ತಿ, ಸಮಾಪ್ತಿ, ಪರ್ಯಾಪ್ತಿಗಳು ಇದರ ಒಡಹುಟ್ಟುಗಳು. ಧಾತುಪಾಠವು ಆ ಧಾತುವಿನ ಅರ್ಥವನ್ನು ಹೇಳುವಾಗ ವ್ಯಾಪ್ತಿ ಎಂಬ ಪದವನ್ನೇ ಹಿಡಿಯುತ್ತದೆ. ಅಂದರೆ ಧಾತುವಿನಿಂದ ಹುಟ್ಟಿದ ಶಬ್ದವೇ ಧಾತುವಿಗೆ ಅರ್ಥವನ್ನು ಕೊಡಬೇಕಾಗಿದೆ. ಆದುದರಿಂದ ಅರ್ಥನಿರ್ಣಯಕ್ಕೆ ವ್ಯುತ್ಪತ್ತಿಯೊಂದೇ ಸಾಲದು, ಶಾಸ್ತ್ರಪ್ರಯೋಗವನ್ನೇ ನೋಡಬೇಕು.

ನೈಯಾಯಿಕರಲ್ಲಿ ವ್ಯಾಪ್ತಿಯೆಂದರೆ ತಪ್ಪದ ಸಾಹಚರ್ಯ. ಹೊಗೆಯಿದ್ದಲ್ಲೆಲ್ಲ ಬೆಂಕಿಯುಂಟು, ಹೊಗೆ ವ್ಯಾಪ್ಯ, ಬೆಂಕಿ ವ್ಯಾಪಕ. ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದ್ದೂ ಹೊಗೆಯಿಲ್ಲವಾದುದರಿಂದ ಇದನ್ನು ತಿರುಗಿಸಿ ಹೇಳುವಂತಿಲ್ಲ. ಹೊಗೆಯು ಹತ್ತು ಮನೆಗಳಲ್ಲಿರಲಿ, ಒಂದೇ ಅಡುಗೆಮನೆಯಲ್ಲಿರಲಿ, ವ್ಯಾಪ್ತಿಗೆ ಅದರಿಂದ ಹೆಚ್ಚೂ ಇಲ್ಲ, ಕಡಮೆಯೂ ಇಲ್ಲ. ಊರಿನ ಹತ್ತು ಮನೆಗಳಲ್ಲಿ ನಾಲ್ಕಕ್ಕೆ ಜ್ವರ ಬಂದರೆ ಹೊಸ ಗದ್ಯಕಾರನು ಅದನ್ನು ಜ್ವರದ ವ್ಯಾಪ್ತಿಯೆನ್ನುವನು. ಆದರೆ ಉಳಿದ ಆರು ಮನೆಗಳಲ್ಲಿ ಜ್ವರವಿಲ್ಲವೆಂಬುದೇ ಶಾಸ್ತ್ರದೃಷ್ಟಿಯಲ್ಲಿ ಊರಿಗೂ ಜ್ವರಕ್ಕೂ ವ್ಯಾಪ್ತಿಯಿಲ್ಲವೆಂಬುದಕ್ಕೆ ಪ್ರಮಾಣ. ಲೋಕದಲ್ಲಿ ಶಬ್ದಕ್ಕೆ ಅರ್ಥಾಂತರ ಬರುವುದು ಸಹಜ, ಅದನ್ನು ತಡೆಯಲಾಗದು. ತರ್ಕಗ್ರಂಥವನ್ನು ಕನ್ನಡಿಸುವವನು ಈ ಎರಡನ್ನೂ ಬೆರಸಿದರೆ ಮಾತ್ರ ವಿದ್ಯಾರ್ಥಿಗೆ ಅನುಮಾನಪ್ರಕರಣವೇ ಕೆಡುತ್ತದೆ.

ಕನ್ನಡದಲ್ಲಿ ಈ ಅರ್ಥಕ್ಕೆ ಶಬ್ದದಾರಿದ್ರ್ಯವಿಲ್ಲ. ಆಲಮೇಲ, ಸಿಂದಗಿ, ಇಂಡಿಗಳ ಸೀಮೆಯ ಒಕ್ಕಲಿಗನು ಜೋಳವನ್ನು ಬಿಸಿಲಿಗೆ ಹರವುತ್ತಾನೆ. ಅವನ ಹೊಲದಲ್ಲಿ ಬಳ್ಳಿ ಹಬ್ಬುತ್ತದೆ. ‘ಹರವು’ ಹಳಗನ್ನಡದ ‘ಪರಪು’ವಿನಿಂದ ಬಂದುದು, ತಮಿಳಿನ ‘ಪರಪ್ಪು’, ತೆಲುಗಿನ ‘ಪರಪು’ಗಳು ಇದಕ್ಕೆ ಸಾಕ್ಷಿ. ‘ಹಬ್ಬು’ ಮೊದಲು ‘ಪರ್ಬು’. ‘ಕರ್ಬು’ ಕಬ್ಬಾದಂತೆ, ‘ಉರ್ಬು’ ಉಬ್ಬಾದಂತೆ ರೇಫವು ಲೋಪಿಸಿ ದ್ವಿತ್ವ ಬಂದಿದೆ, ಪಕಾರಕ್ಕೆ ಹಕಾರವಾಗಿದೆ.

‘ಹಬ್ಬ’ಕ್ಕೂ ‘ಹಬ್ಬು’ವಿಗೂ ಧ್ವನಿಸಾಮ್ಯವುಂಟೆಂದು ಎರಡಕ್ಕೂ ಒಂದೇ ಮೂಲವನ್ನು ಕಲ್ಪಿಸುವುದು ಸರಿಯಲ್ಲ. ‘ಹಬ್ಬ’ವು ಸಂಸ್ಕೃತ ‘ಪರ್ವ’ದ ತದ್ಭವ. ಪರ್ವವೆಂದರೆ ಗಿಣ್ಣು, ಸಂಧಿ. ಪಕ್ಷಗಳು ಕೂಡುವ ದಿನವೂ ಹಾಗೆಯೇ ಪರ್ವವಾಯಿತು. ಹರಡುವ ಅರ್ಥವು ಅದರಲ್ಲಿ ಎಲ್ಲಿಯೂ ಇಲ್ಲ. ‘ಪಸರಿಸು’ ಮಾತ್ರ ನಿಜವಾಗಿ ‘ಪ್ರಸರ’ದ ಸಂತಾನ.

ಹರಡುವ ಕ್ರಿಯೆಗೆ ‘ಹಬ್ಬುಗೆ’, ಹರಡಿದ ವಿಸ್ತಾರಕ್ಕೆ ‘ಹರವು’, ಅಪವಾದವಿಲ್ಲದ ಸಂಬಂಧಕ್ಕೆ ‘ವ್ಯಾಪ್ತಿ’ ಎಂದು ಪಾಠಪುಸ್ತಕಕಾರರು ವಿಂಗಡಿಸಿಕೊಳ್ಳಬಹುದು. ಠಾಣೆಯ ವ್ಯಾಪ್ತಿಯನ್ನು ‘ಎಲ್ಲೆ’ಯೆಂದರೆ ಯಾರಿಗೂ ನಷ್ಟವಿಲ್ಲ.