ಎರಡು ಹೆಸರಿನ ಬ್ಯಾಳಿ

ಚಿಂಚೋಳಿ ತಾಲ್ಲೂಕಿನ ಚಿಮ್ಮನಚೋಡದ ಅಡುಗೆಮನೆಯಲ್ಲಿ ತೊಗರಿ ಬ್ಯಾಳಿ ಕುದಿಯುವಾಗ ಒಲೆಯ ಹತ್ತಿರವೇ ಕೂರಬೇಕು. ಮೊದಲು ನೊರೆ ಏಳುತ್ತದೆ. ಸೌಟಿನಿಂದ ಅದನ್ನು ತೆಗೆದು ಚೆಲ್ಲುತ್ತಾರೆ. ಆಮೇಲೆ ಚಿಟಿಕೆ ಅರಿಷಿಣ, ನಾಲ್ಕು ಹನಿ ಎಣ್ಣೆ. ಬ್ಯಾಳಿಯ ಅಂಚು ಕರಗಿ ನೀರು ದಪ್ಪವಾಗುತ್ತ ಬಂದಾಗ ಏಳುವ ಆ ಘಮಕ್ಕೆ ಒಗ್ಗರಣೆಯ ಹಂಗಿಲ್ಲ. ಬರೀ ಉಪ್ಪು ಬೆರೆಸಿ, ಬಿಸಿ ಜೋಳದ ರೊಟ್ಟಿಯ ತುಣುಕನ್ನು ಅದ್ದಿ ಬಾಯಿಗಿಟ್ಟರೆ ಮೊದಲು ಹಿತವಾದ ಸಿಹಿ, ಅದರ ಹಿಂದೆ ಹುರಿದ ಕಾಳಿನಂಥ ಒಂದು ಒಗರು.

ಈ ರುಚಿ ಎರಿಹೊಲದ್ದು. ಮುಂಗಾರಿಗೆ ಬಿತ್ತಿದ ತೊಗರಿ ಮಳೆಗಾಲ ಮುಗಿದ ಮೇಲೂ ಹಸಿರಾಗಿ ನಿಂತಿರುತ್ತದೆ. ತಾಯಿಬೇರು ಕಪ್ಪು ಮಣ್ಣಿನ ಆಳಕ್ಕಿಳಿದು, ಅಲ್ಲಿ ಉಳಿದ ಹಸಿಯನ್ನು ಕುಡಿದು, ಚಳಿಯಲ್ಲಿ ಕಾಯಿ ಕಟ್ಟುತ್ತದೆ. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. 2022ರಲ್ಲಿ ಗಡಿಯಾಚೆಯ ತಾಂಡೂರು ತೊಗರಿಗೂ ಸಿಕ್ಕಿತು. ಆ ಸುದ್ದಿ ಕೇಳಿ ನನಗೆ ನೆರೆಮನೆಯ ಮಗಳಿಗೆ ಬಹುಮಾನ ಬಂದಂತೆ ಅನಿಸಲಿಲ್ಲ, ಒಡಹುಟ್ಟಿದ ತಂಗಿಗೇ ಬಂದಂತಾಯಿತು.

ತಂಗಿಯೇ ಹೌದು. ಹೈದರಾಬಾದ್ ರಾಜ್ಯದಲ್ಲಿ ತಾಂಡೂರು, ಕೊಡಂಗಲ್ ಎರಡೂ ಗುಲ್ಬರ್ಗಾ ಜಿಲ್ಲೆಯ ತಾಲ್ಲೂಕುಗಳು. 1956ರ ನವೆಂಬರ್ 1ರಂದು ಅವೆರಡನ್ನು ಬಿಟ್ಟು ಉಳಿದ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು. ಅವು ಆಂಧ್ರಕ್ಕೆ ಹೋದವು, 2014ರಿಂದ ತೆಲಂಗಾಣದಲ್ಲಿವೆ. ಬೀದರ್ ಜಿಲ್ಲೆಯ ಜಹೀರಾಬಾದ್, ನಾರಾಯಣಖೇಡ ಕಡೆಯ ಸೀಮೆಯೂ ಹಾಗೇ ಆಚೆ ಸೇರಿತು. ಆದರೆ ನೀರು ತನ್ನ ದಾರಿ ಬಿಡಲಿಲ್ಲ. ನಮ್ಮ ಮುಲ್ಲಾಮಾರಿ ನದಿ ಹೋಗಿ ಸೇರುವ ಕಾಗಿಣಾ, ತಾಂಡೂರಿನ ಬದಿಯಿಂದಲೇ ಹರಿದು ಬಂದ ಹೊಳೆ. ಚಿಂಚೋಳಿಯವರಿಗೆ ಜಿಲ್ಲಾ ಕೇಂದ್ರಕ್ಕಿಂತ ತಾಂಡೂರೇ ಹತ್ತಿರ. ದರ ನೋಡಿಕೊಂಡು ಅಲ್ಲಿಯ ಮಾರುಕಟ್ಟೆಗೆ ತೊಗರಿ ಒಯ್ಯುವ ರೈತರಿದ್ದಾರೆ, ಬೀಗತನ ಬೆಳೆಸಿದ ಮನೆಗಳಿವೆ.

ಪುಂಡಿಪಲ್ಯದ ಮಾತು ಬಿಡುವಂತಿಲ್ಲ. ಈಚೆ ಪುಂಡಿ, ಆಚೆ ಗೋಂಗೂರ. ಹುಳಿ ಎಲೆ ಮಾತ್ರ ಒಂದೇ. ಅವರು ಬ್ಯಾಳಿ ಸೇರಿಸಿ ಪಪ್ಪು ಮಾಡುತ್ತಾರೆ. ನಮ್ಮವರು ಬ್ಯಾಳಿಯ ಜೊತೆ ಜೋಳದ ನುಚ್ಚನ್ನೂ ಕುದಿಸಿ, ಹಸಿಮೆಣಸಿನಕಾಯಿ, ಬೆಳ್ಳುಳ್ಳಿ ಹಾಕಿ ಕಡೆಯುತ್ತಾರೆ. ನನ್ನ ನಾಲಿಗೆ ನುಚ್ಚಿನ ಪಕ್ಷ: ಹುಳಿಯ ಚುರುಕನ್ನು ಅದು ತಡೆದು ತಡೆದು ಬಿಡುತ್ತದೆ. ಜೋಳದ ರೊಟ್ಟಿ ಆಚೆ ಜೊನ್ನ ರೊಟ್ಟೆಯಾಗುತ್ತದೆ, ಅಷ್ಟೇ.

ಇನ್ನು ಎಳ್ಳ ಅಮವಾಸ್ಯೆ. ಬುಟ್ಟಿ ಹೊತ್ತು ಹೊಲಕ್ಕೆ ಹೋಗಿ, ಭೂಮಿತಾಯಿಗೆ ಪೂಜೆ ಮಾಡಿ, ಚರಗ ಚೆಲ್ಲಿ, ಬದುವಿನ ಮೇಲೆ ಕೂತು ಉಣ್ಣುವ ಹಬ್ಬ. ಅಂದಿನ ಭಜ್ಜಿಯಲ್ಲಿ ಹಸಿ ತೊಗರಿಕಾಳು, ಹಸಿ ಕಡಲೆ, ಅವರೆ, ಮೆಂತ್ಯಪಲ್ಯ, ಹುಣಸೆಯ ಹುಳಿ ಎಲ್ಲ ಕೂಡಿರುತ್ತವೆ. ಹಲ್ಲಿಗೆ ಸಿಕ್ಕು ಹಾಲೊಡೆಯುವ ಹಸಿ ತೊಗರಿಯ ಮುಂದೆ ಒಣಬ್ಯಾಳಿಯೂ ಒಂದು ಕೈ ಕಡಿಮೆಯೇ. ಜೊತೆಗೆ ಎಳ್ಳು ಹಚ್ಚಿದ ಸಜ್ಜಿರೊಟ್ಟಿ, ಮಡಕೆಯಲ್ಲಿ ತಣ್ಣಗೆ ಕೂತ ಅಂಬಲಿ. ಜಹೀರಾಬಾದ್, ನಾರಾಯಣಖೇಡದ ಹೊಲಗಳಲ್ಲೂ ಅದೇ ದಿನ ಇದೇ ಹಬ್ಬ.

ಕಾಲಡಿಯ ಕಲ್ಲೂ ಹಾಗೆಯೇ. ಶಹಾಬಾದಿನ ಫರಸಿ, ತಾಂಡೂರಿನ ನೀಲಿ ಕಲ್ಲು ಎರಡೂ ಭೀಮಾ ಸೀಮೆಯ ಸುಣ್ಣಗಲ್ಲು, ಪದರು ಪದರಾಗಿ ಏಳುವಂಥವು. ಬೇಸಿಗೆಯ ಮಧ್ಯಾಹ್ನ ನೀರು ಚಿಮುಕಿಸಿದ ಫರಸಿಯ ಮೇಲೆ ಬರಿಮೈಯಲ್ಲಿ ಮಲಗಿದವರಿಗೆ ಅದರ ತಂಪು ಗೊತ್ತು. ವಾಡಿಯಿಂದ ಚಿತ್ತಾಪುರ, ಸೇಡಂ, ತಾಂಡೂರು ದಾಟಿ ಸಿಕಂದರಾಬಾದಿಗೆ 1874ರಲ್ಲಿ ಹಾಕಿದ ರೈಲುದಾರಿ ಈ ಕಲ್ಲುಸೀಮೆಯನ್ನು ಇಂದಿಗೂ ಹೊಲಿದಿಟ್ಟಿದೆ.

ಹೊಸ ತೊಗರಿ ಬಂದಾಗ ಒಂದು ಕಿಲೋ ಕಲಬುರಗಿಯ ಬ್ಯಾಳಿ, ಒಂದು ಕಿಲೋ ತಾಂಡೂರಿನದು ತನ್ನಿ. ಬೇರೆ ಬೇರೆ ಪಾತ್ರೆಯಲ್ಲಿ ಕುದಿಸಿ, ಬರೀ ಉಪ್ಪು ಹಾಕಿ, ಬಿಸಿ ರೊಟ್ಟಿಯ ಜೊತೆ ಮನೆಯ ಹಿರಿಯರಿಗೆ ಬಡಿಸಿ. ಯಾವುದು ಯಾವ ಊರಿನದೆಂದು ಮೊದಲೇ ಹೇಳಬೇಡಿ.