ಶಿಕಿಯ ಬೇಸ್‌ಬಾಲ್ ಪದ್ಯಗಳು

ಜಪಾನೀಯರ ಬೇಸ್‌ಬಾಲ್ ಆಟವನ್ನು ಕುರಿತು ಬರೆದವರಲ್ಲಿ ಅಮೆರಿಕದ ರಾಬರ್ಟ್ ವೈಟಿಂಗ್ ಎಂಬಾತನ ಮತವು ಬಹಳ ಪ್ರಚಾರದಲ್ಲಿರುವುದು. 1977ರಲ್ಲಿಯೂ 1989ರಲ್ಲಿಯೂ ಪ್ರಕಟವಾದ ಎರಡು ಗ್ರಂಥಗಳಲ್ಲಿ ಆತನು, ಈ ಆಟವು ಆ ನಾಡಿನಲ್ಲಿ ಸಮುರಾಯಿ ಯೋಧರ ವ್ರತದಂತಾಯಿತೆಂದೂ, ಅಲ್ಲಿ ವಿನೋದಕ್ಕಿಂತ ದೇಹದಂಡನೆಯೇ ಮೇಲೆಂದೂ ಪ್ರತಿಪಾದಿಸಿರುವನು. ನಿದರ್ಶನಗಳಿಗೆ ಕೊರತೆಯಿಲ್ಲ. ವೃತ್ತಿಪರ ಆಟದಲ್ಲಿ 868 ಹೋಮ್‌ರನ್ನುಗಳನ್ನು ಹೊಡೆದ ಓ ಸದಹರು ಖಡ್ಗವನ್ನು ಬೀಸಿ ಅಭ್ಯಾಸ ಮಾಡಿದವನು. ಆದರೂ ಈ ಮತವನ್ನು ಒಪ್ಪುವುದಕ್ಕೆ ಮೊದಲು ಒಬ್ಬ ಕವಿಯ ಸಾಕ್ಷ್ಯವನ್ನು ಕೇಳುವುದು ಯುಕ್ತವಾಗಿದೆ.

ಆತನು ಮಸಾವೊಕ ಶಿಕಿ. ಹುಟ್ಟಿದ್ದು 1867ರಲ್ಲಿ, ಮತ್ಸುಯಾಮ ಪಟ್ಟಣದಲ್ಲಿ. ಟೋಕಿಯೋವಿನ ವಿದ್ಯಾರ್ಥಿದೆಶೆಯಲ್ಲಿ ಈ ಆಟದ ಹುಚ್ಚು ಹಿಡಿಯಿತು. ಅಮೆರಿಕದ ಉಪಾಧ್ಯಾಯ ಹೊರೇಸ್ ವಿಲ್ಸನ್ ಅದನ್ನು ಅಲ್ಲಿಯ ಹುಡುಗರಿಗೆ ಕಲಿಸಿದ್ದು 1872ರ ಸುಮಾರಿನಲ್ಲಷ್ಟೆ. 1889ರಲ್ಲಿ ಶಿಕಿಯು ಕ್ಷಯದಿಂದ ರಕ್ತ ಕಾರಿದನು. ಕೋಗಿಲೆಯ ಜಾತಿಯ ಒಂದು ಹಕ್ಕಿಯು ಕೂಗಿ ಕೂಗಿ ರಕ್ತ ಕಾರುವುದೆಂಬುದು ಅವರ ಕವಿಸಮಯ. ಆ ಹಕ್ಕಿಯ ಹೆಸರನ್ನೇ ಆತನು ಕಾವ್ಯನಾಮವಾಗಿ ಇಟ್ಟುಕೊಂಡನು. 1898ರಲ್ಲಿ, ರೋಗಶಯ್ಯೆಯಿಂದ ಏಳಲಾರದ ಸ್ಥಿತಿಯಲ್ಲಿ, ಬೇಸ್‌ಬಾಲನ್ನು ಕುರಿತು ಒಂಬತ್ತು ತಾಂಕಾ ಪದ್ಯಗಳನ್ನು ರಚಿಸಿದನು. ತಂಡದ ಆಟಗಾರರೂ ಒಂಬತ್ತು ಮಂದಿಯೇ.

ಒಂಬತ್ತೂ ಉತ್ತಮವೆನ್ನಲಾಗದು, ಕೆಲವು ಆಟದ ನಿಯಮಗಳನ್ನು ಛಂದಸ್ಸಿಗೆ ಇಳಿಸಿದಂತಿವೆ. ಆದರೆ ಒಂದು ಪದ್ಯದ ಚಮತ್ಕಾರವು ಅಸಾಮಾನ್ಯವಾದುದು. ಜಪಾನೀ ಪ್ರಾಚೀನಕಾವ್ಯದಲ್ಲಿ ಕೆಲವು ಶಬ್ದಗಳ ಮುಂದೆ ನಿಯತವಾಗಿ ಬರುವ ರೂಢವಿಶೇಷಣಗಳುಂಟು. ಅವಕ್ಕೆ 'ತಲೆದಿಂಬಿನ ಮಾತು' ಎಂದು ಹೆಸರು. 'ಅಮೆ' ಎಂದರೆ ಆಕಾಶ; ಅದಕ್ಕೆ ಸಲ್ಲುವ, ಸಾವಿರ ವರ್ಷಗಳಿಗೂ ಹಳೆಯದಾದ ವಿಶೇಷಣವನ್ನು ಶಿಕಿಯು ತಂದು 'ಅಮೆರಿಕ' ಎಂಬುದರ ಮುಂದಿಟ್ಟಿರುವನು! ಶಬ್ದದ ಆದಿಯಲ್ಲಿರುವ 'ಅಮೆ' ಎಂಬುದರ ಶ್ಲೇಷದಿಂದ ನೆನ್ನೆ ಮೊನ್ನೆ ಬಂದ ಪರದೇಶಿಯು ದೇವಲೋಕದ ಅತಿಥಿಯಾದನು. ಪದ್ಯದ ಮುಕ್ತಾಯವೂ ಪ್ರಾಚೀನರು ಗಿರಿನದಿಗಳನ್ನು ಕಂಡು ಬೆರಗಾಗುವ ಧಾಟಿಯದೇ. ಇದು ಪರಿಹಾಸವೆನ್ನುವವರು ಉಂಟು. ಪರಿಹಾಸವೇ ಹೌದು, ಆದರೆ ಅದರಲ್ಲಿ ಹೊಸ ವಸ್ತುವಿಗೆ ಹಳೆಯ ಮನೆಯಲ್ಲಿ ಮಣೆಹಾಕುವ ಔದಾರ್ಯವಿದೆ. ಇಲ್ಲಿ ಖಡ್ಗವೆಲ್ಲಿ, ವ್ರತವೆಲ್ಲಿ?

ಇನ್ನು ಪರಿಭಾಷೆ. 1896ರಲ್ಲಿ 'ನಿಪ್ಪೋನ್' ಪತ್ರಿಕೆಯಲ್ಲಿ ಶಿಕಿಯು ಆಟದ ಮಾತುಗಳನ್ನು ಚೀನೀ ಅಕ್ಷರಗಳಲ್ಲಿ ಅನುವಾದಿಸಿದನು: ಹೊಡೆಯುವವನು 'ದಾಶಾ', ಓಡುವವನು 'ಸೋಶಾ'. ಅವು ಈಗಲೂ ಬಳಕೆಯಲ್ಲಿವೆ. ವೈಟಿಂಗನ ಪಕ್ಷಕ್ಕೆ ಅನುಕೂಲವಾದ ಮಾತುಗಳೂ ಈ ಪರಿಭಾಷೆಯಲ್ಲಿ ಇಲ್ಲದಿಲ್ಲ. 'ಬೇಸ್' ಎಂಬುದಕ್ಕೆ ನಿಂತ ಅಕ್ಷರಕ್ಕೆ ಕೋಟೆಯೆಂದು ಅರ್ಥ, ಇಬ್ಬರನ್ನು ಒಮ್ಮೆಗೇ ಹೊರಗಟ್ಟುವುದು 'ಜೊತೆಗೊಲೆ'. ಆದರೆ ಮೂರು ಬೇಸುಗಳೂ ತುಂಬಿದಾಗಿನ ತಳಮಳವನ್ನು ಹೇಳುವ ಪದ್ಯದಲ್ಲಿ ಶಿಕಿಯು ಕೋಟೆಯನ್ನು ಕರೆಯದೆ 'ಬೇಸ್' ಎಂಬ ಇಂಗ್ಲಿಷ್ ಮಾತನ್ನೇ ಉಳಿಸಿಕೊಂಡನು. ಗದ್ಯದಲ್ಲಿ ಅನುವಾದಕನಾದವನು ಪದ್ಯದಲ್ಲಿ ಕಿವಿಗೆ ಶರಣಾದನು.

ಆಟವನ್ನು ನಿಜವಾಗಿ ಯೋಧವ್ರತವನ್ನಾಗಿ ಮಾಡಿದ ಕಾಲವೊಂದಿತ್ತು. 1936ರಲ್ಲಿ ಮೊದಲಾದ ವೃತ್ತಿಪರ ಸಂಘವು 1943ರಲ್ಲಿ ಇಂಗ್ಲಿಷ್ ಮಾತುಗಳನ್ನು ತೊರೆಯಿತು. 'ಸ್ಟ್ರೈಕ್' ಎನ್ನುವೆಡೆಯಲ್ಲಿ ತೀರ್ಪುಗಾರನು 'ಯೊಶಿ', ಎಂದರೆ 'ಸರಿ', ಎಂದು ಕೂಗಿದನು. 1934ರ ನವೆಂಬರಿನಲ್ಲಿ ಬೇಬ್ ರೂತ್ ಮೊದಲಾದ ನಾಲ್ವರು ಅಮೆರಿಕನ್ ದಿಗ್ಗಜರನ್ನು ಒಬ್ಬರ ಹಿಂದೊಬ್ಬರಂತೆ ಚೆಂಡು ಮುಟ್ಟಗೊಡದೆ ಹಿಂದಕ್ಕಟ್ಟಿದ ಹದಿನೇಳರ ಹುಡುಗ ಸವಮುರ ಏಜಿಯು 1944ರ ಡಿಸೆಂಬರಿನಲ್ಲಿ ಸೈನಿಕನಾಗಿ ಹಡಗಿನೊಡನೆ ಮುಳುಗಿದನು. 1945ರಲ್ಲಿ ಸಂಘದ ಪಂದ್ಯಾವಳಿಯೇ ನಡೆಯಲಿಲ್ಲ.

ಯುದ್ಧ ಮುಗಿದೊಡನೆ ತೊರೆದ ಮಾತುಗಳು ಮರಳಿ ಬಂದವು. ಶಿಕಿಯ ಮಾತುಗಳೂ ಉಳಿದವು. 2002ರಲ್ಲಿ ಆತನ ಹೆಸರನ್ನು ಜಪಾನಿನ ಬೇಸ್‌ಬಾಲ್ ಕೀರ್ತಿಮಂದಿರದಲ್ಲಿ ಸೇರಿಸಿದರು. ಎರಡು ಬಗೆಯ ಮಾತುಗಳೂ ಕಲಹವಿಲ್ಲದೆ ಬಾಳುತ್ತಿರುವುದಕ್ಕೆ ಒಂದು ಉದಾಹರಣೆ ಸಾಕು. ನಾಲ್ಕು ದುಷ್ಟ ಎಸೆತಗಳಿಗೆ 'ಶಿಕ್ಯೂ', ಎಂದರೆ ನಾಲ್ಕು ಚೆಂಡು, ಎಂದು ಹೆಸರು. ಮೈಗೆ ತಗಲಿದ ಎಸೆತಕ್ಕೂ 'ಶಿಕ್ಯೂ' ಎಂದೇ ಹೆಸರು, ಆದರೆ ಅಲ್ಲಿ ಸತ್ತ ಚೆಂಡೆಂದು ಅರ್ಥ. ಅಕ್ಷರ ಬೇರೆ, ಉಚ್ಚಾರಣೆ ಒಂದೇ. ಆದುದರಿಂದ ಪತ್ರಿಕೆಗಳು ಚೀನೀ ಅಕ್ಷರಗಳನ್ನು ಅಚ್ಚು ಹಾಕುತ್ತವೆ. ಆಟ ನೋಡುವವರು ಮಾತ್ರ 'ಫೋರ್ ಬಾಲ್', 'ಡೆಡ್ ಬಾಲ್' ಎಂದು ತಮ್ಮ ಉಚ್ಚಾರಣೆಯಲ್ಲಿ ಹೇಳಿಕೊಳ್ಳುತ್ತಾರೆ.