ಸೊಂಡಿಲಿನಿಂದ ನೀರು ಬರಲಿಲ್ಲ

ಪ್ಯಾರಿಸ್ಸಿನ ಜನ 1789ರಲ್ಲಿ ಬಾಸ್ತಿಲ್ ಸೆರೆಮನೆಗೆ ನುಗ್ಗಿದರು. ಅದನ್ನು ಕೆಡವಿದ ಜಾಗದಲ್ಲೇ ಕಂಚಿನ ಆನೆ ನಿಲ್ಲಿಸಿ, ಕಾರಂಜಿ ಚಿಮ್ಮಿಸಲು ಚಕ್ರವರ್ತಿ ನೆಪೋಲಿಯನ್ 1810ರಲ್ಲಿ ಅಪ್ಪಣೆ ಕೊಟ್ಟ. ಕಂಚು ಎಲ್ಲಿಂದ? ಸ್ಪೇನಿನವರಿಂದ ಕಿತ್ತುಕೊಂಡ ಫಿರಂಗಿಗಳಿಂದ! ಕೊನೆಗೆ ನಿಂತದ್ದು ಬರೀ ಗಾರೆಯ ಮಾದರಿ. ದೊರೆ ಬಿದ್ದ, ಸೊಂಡಿಲಿನಿಂದ ಹನಿ ನೀರೂ ಬರಲಿಲ್ಲ. ಗಾರೆ ಉದುರಿತು, ಇಲಿ ಸೇರಿಕೊಂಡವು. 1846ರಲ್ಲಿ ಕೆಡವಿದರು.

ವಿಕ್ಟರ್ ಹ್ಯೂಗೋ 1862ರ ‘ಲೆ ಮಿಜೆರಾಬ್ಲ್’ ಕಾದಂಬರಿಯಲ್ಲಿ ಈ ಆನೆಯ ಹೊಟ್ಟೆಯೊಳಗೆ ಬೀದಿಹುಡುಗ ಗವ್ರೋಶ್‌ನನ್ನು ಇಟ್ಟ. ದಿಕ್ಕಿಲ್ಲದ ಇಬ್ಬರು ಎಳೆಯರನ್ನು, ತನ್ನ ತಮ್ಮಂದಿರೆಂದು ತಿಳಿಯದೆಯೇ, ಗವ್ರೋಶ್ ಒಳಗೆ ಕರಕೊಳ್ಳುತ್ತಾನೆ. ಓದಿ ‘ಅಯ್ಯೋ ಪಾಪ’ ಅಂದುಬಿಡೋದು ಸುಲಭ. ಊರು ಸೂರು ಕೊಡದ ಮಕ್ಕಳು ದೊರೆಯ ಸೊಕ್ಕಿನ ಪೊಳ್ಳಿನೊಳಗೇ ಮಲಗಿದರು ಅಂತ ಬರೆದದ್ದೇ ಹ್ಯೂಗೋನ ಬಂಡಾಯ. ಆನೆಯ ಎತ್ತರ ಹೇಳುವ ಪಾಠದಲ್ಲಿ ಈ ಮಕ್ಕಳಿಗೂ ಜಾಗ ಬೇಕು, ಮೇಷ್ಟ್ರೇ.